ಗಾಜಿನಲ್ಲಿ ಜೇನು: ಕ್ರೈಸ್ತ ದೇವಾಲಯಗಳ ಚಿತ್ರಗವಾಕ್ಷಗಳಲ್ಲಿ ಮಧುಮಕ್ಷಿಕೆಯ ನಿರೂಪಣೆ

೧

ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಹೊಂದಿಸಿ, ಅವುಗಳ ಮೇಲೆ ರೇಖೆಗಳನ್ನು ಬರೆದು ಸುಟ್ಟು, ಗೋಡೆಯ ತೆರಪಿನಲ್ಲಿ ನಿಲ್ಲಿಸಿ, ಸೂರ್ಯನ ಬೆಳಕಿನಿಂದಲೇ ಚಿತ್ರವು ಮೂಡುವಂತೆ ಮಾಡುವ ಕಲೆಯು ಯೂರೋಪಿನ ಕ್ರೈಸ್ತ ದೇವಾಲಯಗಳಲ್ಲಿ ಹನ್ನೆರಡನೆಯ ಶತಮಾನದಿಂದೀಚೆಗೆ ಬಹಳ ಪ್ರೌಢಿಮೆಯನ್ನು ಪಡೆಯಿತು. ಇಂತಹ ಚಿತ್ರಗವಾಕ್ಷಗಳಲ್ಲಿ ದೇವಪುತ್ರನ ಚರಿತ್ರೆಯೂ ಸಂತರ ಮಹಿಮೆಗಳೂ ನಿರೂಪಿತವಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಪ್ರಕೃತ ಲೇಖನದಲ್ಲಿ ಆ ವಿಶಾಲ ಪ್ರಪಂಚದೊಳಗಿನಿಂದ ಒಂದು ಸಣ್ಣ ಜೀವಿಯನ್ನು ಮಾತ್ರ, ಎಂದರೆ ಜೇನುಹುಳುವನ್ನು, ಆರಿಸಿಕೊಂಡು ಅದರ ನಿರೂಪಣೆಯ ಗುಣದೋಷಗಳನ್ನು ವಿಚಾರಿಸುವುದಾಗಿದೆ. ಅಲ್ಪವಾದ ವಸ್ತುವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಸಂತನ ಮುಖವನ್ನೂ ಕೈಯ ಶಿಲುಬೆಯನ್ನೂ ಯಾವ ಕುಶಲಿಯಾದರೂ ಸಂಪ್ರದಾಯಕ್ಕನುಸಾರವಾಗಿ ಬರೆಯಬಲ್ಲನು. ಚಿತ್ರದ ಅಂಚಿನಲ್ಲಿ ಹಾರುವ ಒಂದು ಹುಳುವನ್ನು ಆತನು ಏಕೆ ಅಲ್ಲಿರಿಸಿದನೆಂಬುದನ್ನು ನೋಡಿದಾಗ ಆತನು ಕೇವಲ ಕುಶಲಿಯೋ ಅಥವಾ ಕವಿಯೋ ಎಂಬುದು ಗೊತ್ತಾಗುತ್ತದೆ.

ವಿಚಾರಕ್ಕೆ ಅಳತೆಗೋಲಾಗಿ ನಮ್ಮ ಆಲಂಕಾರಿಕರ ವೃತ್ತಿತ್ರಯವನ್ನೇ ತೆಗೆದುಕೊಂಡಿದ್ದೇವೆ. ಶಬ್ದವು ಅಭಿಧೆಯಿಂದ ಹೆಸರಿಸುತ್ತದೆ, ಲಕ್ಷಣೆಯಿಂದ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಕೊಡುತ್ತದೆ, ವ್ಯಂಜನೆಯಿಂದ ಹೇಳದೆಯೇ ಹೊಳೆಯಿಸುತ್ತದೆ. ಶಬ್ದಕ್ಕೆ ಹೇಳಿದ ಈ ಕ್ರಮವನ್ನು ಗಾಜಿಗೆ ಅನ್ವಯಿಸಬಹುದೇ ಎಂದು ಯಾರಾದರೂ ಆಕ್ಷೇಪಿಸಿದರೆ, ಅದಕ್ಕೆ ಸಮಾಧಾನವು ಒಂಬತ್ತನೆಯ ಶತಮಾನದ ಆನಂದವರ್ಧನಾಚಾರ್ಯರಲ್ಲಿಯೇ ದೊರೆಯುತ್ತದೆ. ವಾಚಕತ್ವವಿಲ್ಲದ ಗೀತಧ್ವನಿಯೂ ಮಾತಿಲ್ಲದ ಅಂಗಚೇಷ್ಟೆಯೂ ರಸಭಾವಾದಿಗಳನ್ನು ವ್ಯಂಜಿಸುವುದನ್ನು ಅವರು ಧ್ವನ್ಯಾಲೋಕದಲ್ಲಿ ಒಪ್ಪಿಕೊಂಡಿದ್ದಾರೆ. ರಾಗಕ್ಕೂ ಕಣ್ಸನ್ನೆಗೂ ಸಲ್ಲುವುದು ಬೆಳಕಿಗೂ ಬಣ್ಣಕ್ಕೂ ಸಲ್ಲಬಾರದೆಂಬುದಕ್ಕೆ ಯುಕ್ತಿಯಿಲ್ಲ. ಆದಕಾರಣ ಗಾಜಿನಲ್ಲಿರುವ ಜೇನು ಎಲ್ಲಿ ಬರಿಯ ಹೆಸರಾಗಿದೆ, ಎಲ್ಲಿ ಲಾಕ್ಷಣಿಕವಾಗಿದೆ, ಎಲ್ಲಿ ಧ್ವನಿಯಾಗಿದೆ ಎಂಬ ಪ್ರಶ್ನೆಯನ್ನು ನಿಃಶಂಕೆಯಿಂದ ಕೇಳಬಹುದು.

೨

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಸಂಸ್ಕೃತ ಕಾವ್ಯಗಳನ್ನೂ ಅವುಗಳ ಮಾರ್ಗದಲ್ಲಿ ನಡೆದ ಕನ್ನಡ ಚಂಪೂಗಳನ್ನೂ ಓದಿ ಬೆಳೆದವರಿಗೆ ಜೇನು ಎಂದೊಡನೆ ಭ್ರಮರವು ನೆನಪಾಗುತ್ತದೆ. ನಮ್ಮ ಕವಿಸಮಯದ ಭ್ರಮರವು ಕಪ್ಪಾದುದು, ಚಂಚಲವಾದುದು, ಹೂವಿನಿಂದ ಹೂವಿಗೆ ಹಾರುವ ವಿಟನಂತೆ ವರ್ಣಿತವಾದುದು. ಕಾಮನ ಬಿಲ್ಲಿಗೆ ಹೆದೆಯಾಗುವುದೂ ಶಾಕುಂತಲದ ಮೊದಲನೆಯ ಅಂಕದಲ್ಲಿ ನಾಯಿಕೆಯ ಮುಖವನ್ನು ಸುತ್ತುವುದೂ ಅದೇ. ಅದು ಶೃಂಗಾರದ ಪರಿವಾರಕ್ಕೆ ಸೇರಿದ್ದು. ಕ್ರೈಸ್ತ ಗವಾಕ್ಷಗಳ ಜೇನಾದರೋ ಗೂಡು ಕಟ್ಟಿ ಸಮೂಹವಾಗಿ ಬಾಳುವ, ಮೇಣವನ್ನೂ ಮಧುವನ್ನೂ ಸಂಚಯಿಸುವ ಮಧುಮಕ್ಷಿಕೆ. ಅಮರಸಿಂಹನು ಸರಘಾ, ಮಧುಮಕ್ಷಿಕಾ ಎಂಬ ಹೆಸರುಗಳನ್ನು ಭ್ರಮರದ ಪರ್ಯಾಯಪದಗಳೊಡನೆ ಕಲಸದೆ ಬೇರೆಯಾಗಿಯೇ ಪಠಿಸಿರುವುದು ಈ ವಿವೇಕಕ್ಕೆ ಸಾಕಷ್ಟು ಆಧಾರ. ಭ್ರಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಸರಘೆಯ ಚಿತ್ರವನ್ನು ನೋಡಿದರೆ, ತಪಸ್ವಿನಿಯ ಸುತ್ತಲೂ ದುಂಬಿಗಳು ಏಕೆ ಸುಳಿಯುತ್ತಿವೆಯೆಂದು ವೃಥಾ ಕಂಗೆಡಬೇಕಾಗುವುದು.

ಸರಘೆಯು ಕ್ರೈಸ್ತರಲ್ಲಿ ಪೂಜ್ಯವಾದುದಕ್ಕೆ ಮುಖ್ಯ ಕಾರಣ ಮೇಣ. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ದೇವಾಲಯದ ಕತ್ತಲೆಯಲ್ಲಿ ಹೊಸ ಬೆಂಕಿಯಿಂದ ಮಹಾದೀಪವನ್ನು ಹೊತ್ತಿಸಿ ತರುವರು. ಆಗ ಸಹಾಯಕ ಪಾದ್ರಿಯು ಎಕ್ಸುಲ್ತೆತ್ ಎಂಬ ಪ್ರಾಚೀನ ಸ್ತೋತ್ರವನ್ನು ಹಾಡುತ್ತಾನೆ. ಆ ಸ್ತೋತ್ರದಲ್ಲಿ ದೀಪದ ಮೇಣವನ್ನು ಕೊಟ್ಟ ಜೇನಿನ ಸ್ಮರಣೆಯುಂಟು. ಈಚಿನವರಿಗೆ ಈ ಮಾತು ಅನಾವಶ್ಯಕವೆಂದು ತೋರಿದ್ದರಿಂದಲೋ ಏನೋ, ೧೯೭೦ರ ದಶಕದ ಆಂಗ್ಲ ಪಾಠದಲ್ಲಿ ಅದನ್ನು ಬಿಟ್ಟುಬಿಟ್ಟಿದ್ದರು. ೨೦೧೧ರಲ್ಲಿ ಬಳಕೆಗೆ ಬಂದ ಹೊಸ ಆಂಗ್ಲ ಪಾಠದಲ್ಲಿ ಜೇನು ತನ್ನ ಸ್ಥಾನಕ್ಕೆ ಮರಳಿತು. ದಕ್ಷಿಣ ಇಟಲಿಯಲ್ಲಿ ಹತ್ತರಿಂದ ಹದಿಮೂರನೆಯ ಶತಮಾನದವರೆಗೆ ಈ ಸ್ತೋತ್ರವನ್ನು ಚರ್ಮದ ಸುರುಳಿಗಳಲ್ಲಿ ಬರೆದು ಚಿತ್ರಿಸುತ್ತಿದ್ದರು. ಪಾದ್ರಿಯು ಓದುತ್ತ ಸುರುಳಿಯನ್ನು ವೇದಿಕೆಯ ಮುಂದಕ್ಕೆ ಬಿಡುತ್ತಿದ್ದಂತೆ ಎದುರಿಗಿದ್ದ ಜನಕ್ಕೆ ಚಿತ್ರಗಳು ನೇರವಾಗಿ ಕಾಣಲೆಂದು, ಅನೇಕ ಸುರುಳಿಗಳಲ್ಲಿ ಅಕ್ಷರಕ್ಕೆ ತಲೆಕೆಳಗಾಗಿ ಚಿತ್ರಗಳನ್ನು ಬರೆದಿರುವುದು ಗಮನಾರ್ಹ. ಹೂಗಳ ಮೇಲೆ ಹಾರುವ ಜೇನುಗಳೂ ಗೂಡಿನ ಬಳಿ ನಿಂತ ಜೇನುಗಾರರೂ ಅಲ್ಲಿ ಚಿತ್ರಿತರಾಗಿದ್ದಾರೆ.

ಎರಡನೆಯ ಕಾರಣವು ಪ್ರಾಚೀನರ ಒಂದು ನಂಬಿಕೆ. ಜೇನುಗಳು ಮಿಥುನಧರ್ಮವಿಲ್ಲದೆ ಸಂತತಿಯನ್ನು ಪಡೆಯುವುವೆಂದು ವರ್ಜಿಲ್ ಕವಿಯು ತನ್ನ ಕೃಷಿಕಾವ್ಯದ ನಾಲ್ಕನೆಯ ಭಾಗದಲ್ಲಿ ಹೇಳಿದನು. ಕ್ರೈಸ್ತರು ಅದನ್ನು ಹಿಡಿದು ಕನ್ಯಾವ್ರತಕ್ಕೂ ದೇವಮಾತೆಯ ಕನ್ಯಾತ್ವಕ್ಕೂ ಜೇನನ್ನು ಉಪಮಾನವಾಗಿ ಮಾಡಿಕೊಂಡರು. ಗೂಡಿನ ಒಡೆಯನು ರಾಜನೆಂಬುದೂ ಪ್ರಾಚೀನರ ಎಣಿಕೆ. ಅದು ರಾಣಿಯೆಂದು ಚಾರ್ಲ್ಸ್ ಬಟ್ಲರ್ ಎಂಬಾತನು ೧೬೦೯ರ ತನ್ನ ಗ್ರಂಥದಲ್ಲಿ ಸಾರಿದನು. ಅದೇ ಶತಮಾನದಲ್ಲಿ ಸ್ವಾಮರ್ಡಾಮ್ ಎಂಬ ಡಚ್ ವಿಜ್ಞಾನಿಯು ಅದರ ಅಂಡಕೋಶಗಳನ್ನು ಛೇದಿಸಿ ತೋರಿಸಿದನು. ಶಾಸ್ತ್ರವು ಬದಲಾದರೂ ಉಪಮಾನವು ಸಾಯಲಿಲ್ಲ. ಒಬ್ಬ ತಾಯಿಯ ಆಜ್ಞೆಯಲ್ಲಿ ಅನೇಕ ಕನ್ಯೆಯರು ದುಡಿದು ಬಾಳುವ ಸನ್ಯಾಸಿನಿಯರ ಮಠಕ್ಕೆ ಜೇನುಗೂಡು ಹಿಂದಿಗಿಂತಲೂ ಈಗಲೇ ಹೆಚ್ಚು ಒಪ್ಪುವ ಹೋಲಿಕೆಯಾಯಿತು. ಈ ಸಂಗತಿಯನ್ನು ಮುಂದೆ ಗೊಬ್ನೆಟ್ ಎಂಬ ಸಂತಳ ಗವಾಕ್ಷವನ್ನು ವಿಚಾರಿಸುವಾಗ ಸ್ಮರಿಸಬೇಕು.

೩

ಗವಾಕ್ಷಗಳಲ್ಲಿ ಜೇನು ಅತ್ಯಂತ ಸಾಧಾರಣವಾಗಿ ಕಾಣುವುದು ಮಿಲಾನಿನ ಧರ್ಮಾಧ್ಯಕ್ಷನಾಗಿದ್ದ ಸಂತ ಆಂಬ್ರೋಸನ ಪಾದದ ಬಳಿ. ಈತನು ೩೭೪ರಲ್ಲಿ ಆ ಪೀಠವನ್ನೇರಿ ೩೯೭ರಲ್ಲಿ ಕಾಲವಾದನು. ಶಿಶುವಾಗಿ ತೊಟ್ಟಿಲಲ್ಲಿ ಮಲಗಿದ್ದಾಗ ಜೇನುಗಳ ಹಿಂಡೊಂದು ಬಂದು ಈತನ ಮುಖವನ್ನು ಮುಸುಕಿ, ಬಾಯೊಳಕ್ಕೆ ಹೋಗಿ ಬಂದು ಮಾಡುತ್ತಿತ್ತೆಂದೂ, ದಾದಿಯು ಓಡಿಸಹೋದಾಗ ತಂದೆಯು ತಡೆದನೆಂದೂ, ಹುಳುಗಳು ಯಾವ ಅಪಾಯವನ್ನೂ ಮಾಡದೆ ಆಕಾಶಕ್ಕೆ ಹಾರಿಹೋದುವೆಂದೂ, ಸಂತನ ಲೇಖಕನಾಗಿದ್ದ ಪೌಲಿನಸನು ಬರೆದ ಚರಿತ್ರೆಯಲ್ಲಿದೆ. ಮುಂದೆ ಆ ಬಾಯಿಂದ ಹೊರಡಲಿದ್ದ ಮಧುರವಾಣಿಗೆ ಇದು ಶಕುನ. ಇದೇ ಬಗೆಯ ಕಥೆಯನ್ನು ಗ್ರೀಕರು ಪ್ಲೇಟೋವಿನ ವಿಷಯದಲ್ಲಿಯೂ ಪಿಂಡಾರ್ ಕವಿಯ ವಿಷಯದಲ್ಲಿಯೂ ಹೇಳುತ್ತಿದ್ದರು; ಆದುದರಿಂದ ಕಥೆಯು ಕ್ರೈಸ್ತಧರ್ಮಕ್ಕಿಂತ ಹಳೆಯದೆಂಬುದು ಸ್ಪಷ್ಟ. ಹನ್ನೆರಡನೆಯ ಶತಮಾನದ ಕ್ಲೇರ್ವೋ ಮಠದ ಬರ್ನಾರ್ಡನಿಗೂ ಮಧುಸ್ರಾವಿಯಾದ ಆಚಾರ್ಯನೆಂಬ ಬಿರುದು ಬಂದು, ಆತನ ಚಿತ್ರಗಳಿಗೂ ಜೇನುಗೂಡು ಸೇರಿಕೊಂಡಿತು. ೧೯೫೩ರಲ್ಲಿ ಆತನ ಎಂಟುನೂರನೆಯ ನಿರ್ಯಾಣವರ್ಷದಲ್ಲಿ ಪೋಪ್ ಹನ್ನೆರಡನೆಯ ಪಯಸನು ಹೊರಡಿಸಿದ ಲೇಖನಕ್ಕೆ ಆ ಬಿರುದೇ ಹೆಸರಾಯಿತು.

ಈ ಕಥೆಗಳಲ್ಲಿ ರಮಣೀಯತೆಯು ಬೇಕಾದಷ್ಟಿದೆ. ಗವಾಕ್ಷಗಳಲ್ಲಿ ಅದು ಬಹುಮಟ್ಟಿಗೆ ಇಳಿಯಲಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಆಂಬ್ರೋಸನ ಹಳೆಯ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಪಾಷಂಡಿಗಳನ್ನು ದಂಡಿಸಿದುದರ ಗುರುತಾದ ಚಾವಟಿ; ಜೇನುಗೂಡು ಆಮೇಲೆ ಪ್ರಚಾರಕ್ಕೆ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅಸಂಖ್ಯಾತ ದೇವಾಲಯಗಳು ಎದ್ದಾಗ, ಗಾಜಿನ ಕಾರ್ಯಶಾಲೆಗಳು ಸಂತರನ್ನು ಗುರುತಿನ ಪಟ್ಟಿಯಂತೆ ತಯಾರಿಸಿದುವು: ಬೀಗದಕೈ ಇದ್ದರೆ ಪೇತ್ರ, ಚಕ್ರವಿದ್ದರೆ ಕ್ಯಾಥರೀನ್, ಹುಲ್ಲಿನ ಜೇನುಗೂಡಿದ್ದರೆ ಆಂಬ್ರೋಸ್. ಗೂಡು ಪಾದದ ಬಳಿಯೋ ಪುಸ್ತಕದ ಮೇಲೋ ಸುಮ್ಮನೆ ಕುಳಿತಿರುತ್ತದೆ. ಅನೇಕವೇಳೆ ಅದರ ಸುತ್ತ ಒಂದು ಹುಳುವೂ ಇರುವುದಿಲ್ಲ. ಇದ್ದರೆ ಕಪ್ಪುಬಣ್ಣದ ಎರಡು ಗೀಟುಗಳು. ತೊಟ್ಟಿಲು, ಶಿಶುವಿನ ತುಟಿ, ದಾದಿಯ ಗಾಬರಿ, ತಂದೆಯ ಧೈರ್ಯ, ಇವೆಲ್ಲವೂ ಹೋಗಿ ಹೆಸರು ಮಾತ್ರ ಉಳಿದಿದೆ. ೧೮೫೨ರಲ್ಲಿ ಲ್ಯಾಂಗ್‌ಸ್ಟ್ರಾತ್ ಎಂಬ ಅಮೆರಿಕದ ಪಾದ್ರಿಯು ಚಲಿಸುವ ಚೌಕಟ್ಟುಗಳ ಮರದ ಪೆಟ್ಟಿಗೆಗೆ ಸ್ವಾಮ್ಯಪತ್ರವನ್ನು ಪಡೆದ ಬಳಿಕ ಜೇನುಗಾರರು ಹುಲ್ಲಿನ ಗೂಡನ್ನು ಕ್ರಮವಾಗಿ ಬಿಟ್ಟರು. ಗಾಜಿನಲ್ಲಾದರೋ ಅದೇ ಹುಲ್ಲಿನ ಗೂಡು ಇಂದಿಗೂ ಕುಳಿತಿದೆ. ಇದು ದೋಷವೆಂದಲ್ಲ. ಲಾಂಛನಕ್ಕೆ ಪ್ರಾಣವಿಲ್ಲ; ಆದಕಾರಣ ಅದಕ್ಕೆ ಮುಪ್ಪೂ ಇಲ್ಲ.

ಲಾಂಛನದ ಪರಾಕಾಷ್ಠೆಯನ್ನು ರೋಮಿನಲ್ಲಿ ನೋಡಬಹುದು. ೧೬೨೩ರಿಂದ ೧೬೪೪ರವರೆಗೆ ಪೋಪನಾಗಿದ್ದ ಎಂಟನೆಯ ಅರ್ಬನನು ಬಾರ್ಬೆರೀನಿ ಮನೆತನದವನು; ಆ ಮನೆತನದ ಮುದ್ರೆ ಮೂರು ಜೇನುಗಳು. ಸಂತ ಪೇತ್ರನ ಮಹಾದೇವಾಲಯದಲ್ಲಿ ಬೆರ್ನೀನಿಯು ನಿರ್ಮಿಸಿದ ಕಂಚಿನ ಮಂಟಪದ ಮೇಲೂ, ನಗರದ ಕಾರಂಜಿಗಳ ಮೇಲೂ, ಸಾಂತಾ ಮರಿಯಾ ಇನ್ ಅರಾಚೇಲಿ ದೇವಾಲಯದ ಮುಖಭಿತ್ತಿಯ ಬಣ್ಣದ ಗಾಜಿನಲ್ಲಿಯೂ ಈ ಜೇನುಗಳು ಬಂದು ಕುಳಿತುವು. ಇಲ್ಲಿ ಜೇನು ಹೇಳುವುದು ಒಡೆಯನ ಹೆಸರನ್ನು. ವಿನೋದವೇನೆಂದರೆ, ಅದೇ ಪೋಪನಿಗೆ ಕಾಣಿಕೆಯಾಗಿ ಲಿಂಚೆಯಿ ಎಂಬ ವಿದ್ವತ್ಸಂಘದವರು ೧೬೨೫ರಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ ಬರೆಸಿದ ಜೇನಿನ ಚಿತ್ರಪಟವೊಂದನ್ನು ಅಚ್ಚುಮಾಡಿಸಿ ಅರ್ಪಿಸಿದರು. ಕಣ್ಣಿನ ಮೇಲಣ ರೋಮಗಳವರೆಗೆ ಅಲ್ಲಿ ಜೇನನ್ನು ನಿಜವಾಗಿ ಕಂಡವರಿದ್ದರು. ಮುದ್ರೆಯನ್ನು ಬರೆದವರು ಕಂಡದ್ದು ಮನೆತನವನ್ನು. ಕಾಣಿಕೆಯನ್ನು ಕೊಟ್ಟವರು ಕಂಡದ್ದು ಜೇನನ್ನು.

೪

ಗಾಜಿನ ಕಲಾವಿದನ ಪಾಡನ್ನೂ ನ್ಯಾಯವಾಗಿ ಹೇಳಬೇಕು. ದುಡಿಯುವ ಜೇನುಹುಳು ಉದ್ದದಲ್ಲಿ ಸುಮಾರು ಅರ್ಧ ಅಂಗುಲ. ಗಾಜುಗಳನ್ನು ಬಂಧಿಸುವ ಸೀಸದ ಪಟ್ಟಿಯೇ ಸಾಮಾನ್ಯವಾಗಿ ಕಾಲು ಅಂಗುಲ ಅಥವಾ ಅದಕ್ಕಿಂತ ಅಗಲವಾಗಿರುತ್ತದೆ. ನೋಡುವವನು ನೆಲದ ಮೇಲೆ ನಿಂತು ಹತ್ತಿಪ್ಪತ್ತು ಅಡಿ ಎತ್ತರದಲ್ಲಿರುವ ಚಿತ್ರವನ್ನು ನೋಡಬೇಕು. ಹೀಗಿರಲಾಗಿ ನಿಜವಾದ ಗಾತ್ರದಲ್ಲಿ ಬರೆದ ಜೇನು ಎರಡು ಸೀಸದ ಗೆರೆಗಳ ನಡುವಣ ಕಸದಂತೆ ಕಾಣುವುದೇ ಹೊರತು ಬೇರಿಲ್ಲ. ಆದ್ದರಿಂದ ಕಲಾವಿದನಿಗೆ ಮೂರೇ ಮಾರ್ಗಗಳು: ಹುಳುವನ್ನು ಬಿಟ್ಟು ಗೂಡನ್ನು ಬರೆಯುವುದು, ಹುಳುವನ್ನು ಗಾತ್ರ ಮೀರಿ ಹಿಗ್ಗಿಸುವುದು, ಅಥವಾ ಹುಳುವಿನ ಕೆಲಸವನ್ನೇ, ಎಂದರೆ ಎರಿಯನ್ನು, ಚಿತ್ರದ ಕಟ್ಟಡಕ್ಕೆ ಮಾದರಿಯಾಗಿ ತೆಗೆದುಕೊಳ್ಳುವುದು. ಮೊದಲನೆಯದು ಸುಲಭ, ಲೋಕವೆಲ್ಲ ಅದನ್ನೇ ಹಿಡಿಯಿತು. ಎರಡನೆಯದಕ್ಕೆ ಧೈರ್ಯ ಬೇಕು. ಮೂರನೆಯದಕ್ಕೆ ಪ್ರತಿಭೆ ಬೇಕು.

ಮೂರನೆಯ ಮಾರ್ಗವು ಗಾಜಿನ ಸ್ವಭಾವದಲ್ಲಿಯೇ ಹುದುಗಿದೆಯೆಂಬುದನ್ನು ಗಮನಿಸಬೇಕು. ಜೇನಿನ ಎರಿಯು ತೆಳುವಾದ ಗೋಡೆಗಳ ಕೋಣೆಗಳ ಸಮೂಹ. ಗೋಡೆಯು ಮೇಣ, ಒಳಗಿನದು ಮಧು. ಗವಾಕ್ಷವೂ ಕೋಣೆಗಳ ಸಮೂಹವೇ. ಗೋಡೆಯು ಸೀಸ, ಒಳಗಿನದು ಬೆಳಕು. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಪ್ರಚಾರಕ್ಕೆ ಬಂದ ಬೆಳ್ಳಿಯ ಲೇಪವನ್ನು ಗಾಜಿಗೆ ಹಚ್ಚಿ ಕಾಯಿಸಿದರೆ ತಿಳಿಹಳದಿಯಿಂದ ಕಂದುಹಳದಿಯವರೆಗಿನ ಛಾಯೆಗಳು ಹುಟ್ಟುತ್ತವೆ; ಅವು ಮಧುವಿನ ಛಾಯೆಗಳೇ. ಇನ್ನೊಂದು ಸಂಗತಿಯು ಕಾರ್ಯಶಾಲೆಗೆ ಸಂಬಂಧಪಟ್ಟದ್ದು. ಕತ್ತರಿಸಿದ ಗಾಜಿನ ತುಂಡುಗಳನ್ನು ಸೀಸದಿಂದ ಕಟ್ಟುವುದಕ್ಕೆ ಮೊದಲು, ಬೆಳಕಿಗೆ ಹಿಡಿದು ಬಣ್ಣ ಬರೆಯುವುದಕ್ಕಾಗಿ, ದೊಡ್ಡದೊಂದು ತಿಳಿಗಾಜಿನ ಹಲಗೆಯ ಮೇಲೆ ತಾತ್ಕಾಲಿಕವಾಗಿ ಅಂಟಿಸುವ ರೂಢಿಯುಂಟು. ಅಂಟಾಗುವುದು ಜೇನುಮೇಣವನ್ನು ರಾಳದೊಡನೆ ಕರಗಿಸಿದ ಪಾಕ. ಮುಗಿದ ಗವಾಕ್ಷದಲ್ಲಿ ಮೇಣದ ಗುರುತೂ ಉಳಿಯುವುದಿಲ್ಲ. ಆದರೂ ಸಂತನ ಮುಖವು ಮೊದಲು ಬೆಳಕನ್ನು ಕಂಡದ್ದು ಜೇನಿನ ಹಿಡಿತದಲ್ಲಿ.

೫

ಎರಡನೆಯ ಮತ್ತು ಮೂರನೆಯ ಮಾರ್ಗಗಳೆರಡನ್ನೂ ಒಟ್ಟಿಗೆ ಹಿಡಿದು ಗೆದ್ದ ಕೃತಿಯೊಂದು ಐರ್ಲೆಂಡಿನ ಕಾರ್ಕ್ ನಗರದಲ್ಲಿದೆ. ಅಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಇಸಬೆಲ್ಲಾ ಹೋನನ್ ಎಂಬಾಕೆಯು ಬಿಟ್ಟುಹೋದ ದ್ರವ್ಯದಿಂದ ನಿರ್ಮಿತವಾಗಿ ೧೯೧೬ರ ನವೆಂಬರ್ ೫ರಂದು ಪ್ರತಿಷ್ಠೆಯಾದ ಹೋನನ್ ದೇವಾಲಯವು ಐರಿಷರ ಪ್ರಾಚೀನ ವಾಸ್ತುರೀತಿಯನ್ನು ಅನುಸರಿಸಿದ ಸಣ್ಣ ಕಟ್ಟಡ. ಅದರ ೧೯ ಗವಾಕ್ಷಗಳಲ್ಲಿ ೮ನ್ನು ಸಾರಾ ಪರ್ಸರ್ ಸ್ಥಾಪಿಸಿದ ‘ಗಾಜಿನ ಗೋಪುರ’ವೆಂಬ ಕಾರ್ಯಶಾಲೆಯವರು ಮಾಡಿದರು, ೧೧ನ್ನು ಡಬ್ಲಿನ್ನಿನ ಹ್ಯಾರಿ ಕ್ಲಾರ್ಕನು ಮಾಡಿದನು. ಕ್ಲಾರ್ಕನು ೧೮೮೯ರಲ್ಲಿ ಹುಟ್ಟಿ ೧೯೩೧ರಲ್ಲಿ ಕ್ಷಯರೋಗದಿಂದ ತೀರಿಕೊಂಡವನು. ಈ ಕೆಲಸವನ್ನು ಮಾಡುವಾಗ ಆತನಿಗೆ ಮೂವತ್ತೂ ತುಂಬಿರಲಿಲ್ಲ. ಆ ಹನ್ನೊಂದರಲ್ಲಿ ಒಂದು ಸಂತ ಗೊಬ್ನೆಟಳದು.

ಗೊಬ್ನೆಟಳು ಕಾರ್ಕ್ ಪ್ರಾಂತದ ಬ್ಯಾಲಿವೂರ್ನಿ ಎಂಬಲ್ಲಿ ಸನ್ಯಾಸಿನಿಯರ ಮಠವನ್ನು ಸ್ಥಾಪಿಸಿದಳೆಂದು ಪ್ರಸಿದ್ಧಿ. ಒಂಬತ್ತು ಬಿಳಿಯ ಜಿಂಕೆಗಳು ಮೇಯುವ ಸ್ಥಳದಲ್ಲಿ ನೆಲಸಬೇಕೆಂದು ದೇವದೂತನು ಹೇಳಿದುದರಿಂದ, ಆಕೆ ಊರೂರು ಅಲೆದು ಕೊನೆಗೆ ಅಲ್ಲಿ ಅವುಗಳನ್ನು ಕಂಡು ನಿಂತಳಂತೆ. ಫೆಬ್ರವರಿ ೧೧ ಆಕೆಯ ಹಬ್ಬ. ಜೇನುಗಾರರಿಗೆ ಆಕೆಯೇ ರಕ್ಷಕಿ. ದನಗಳ್ಳರು ಊರಿನ ಮಂದೆಯನ್ನು ಹೊಡೆದುಕೊಂಡು ಹೋಗುತ್ತಿದ್ದಾಗ ಆಕೆಯು ತನ್ನ ಗೂಡುಗಳ ಜೇನುಗಳನ್ನು ಬಿಟ್ಟು ಅವರನ್ನು ಓಡಿಸಿದಳೆಂಬುದು ಕಥೆಯ ಮುಖ್ಯಭಾಗ. ಆಕೆಯ ಹೆಸರನ್ನು ಆಂಗ್ಲರೀತಿಗೆ ತಿರುಗಿಸುವಾಗ ಡೆಬೋರಾ ಎಂದೂ ಬರೆಯುವುದುಂಟು. ಹೀಬ್ರೂ ಭಾಷೆಯಲ್ಲಿ ಡೆಬೋರಾ ಎಂದರೆ ಜೇನು. ಐರಿಷ್ ಹೆಸರನ್ನಾದರೋ ವಿದ್ವಾಂಸರು ಕಮ್ಮಾರನೆಂಬರ್ಥದ ಪದಕ್ಕೆ ಸಂಬಂಧಿಸುವರು. ೧೯೫೦ರ ದಶಕದ ಮೊದಲಲ್ಲಿ ಆಕೆಯ ಮನೆಯೆಂದು ಹೆಸರಾದ ಸ್ಥಳವನ್ನು ಅಗೆದಾಗ ಕಬ್ಬಿಣದ ಕೆಲಸದ ಅವಶೇಷಗಳು ಹೊರಬಿದ್ದುವು.

ಜೇನುಗಳಿಂದ ಕಳ್ಳರನ್ನು ಓಡಿಸಿದುದು ಮಕ್ಕಳ ಕಥೆಯೆಂದು ಉಪೇಕ್ಷಿಸತಕ್ಕದ್ದಲ್ಲ. ಏಳನೆಯ ಶತಮಾನದ ಐರಿಷ್ ಧರ್ಮಶಾಸ್ತ್ರದಲ್ಲಿ ಜೇನಿನ ವ್ಯವಹಾರಕ್ಕೆಂದೇ ಒಂದು ಪ್ರತ್ಯೇಕ ಗ್ರಂಥವುಂಟು. ಬೆಖ್‌ಬ್ರೆಥಾ, ಎಂದರೆ ಜೇನಿನ ತೀರ್ಪುಗಳು, ಎಂದು ಅದರ ಹೆಸರು. ಒಬ್ಬನ ಜೇನು ನೆರೆಯವನ ಹೂಗಳಲ್ಲಿ ಮೇದರೆ ನೆರೆಯವನಿಗೆ ಸಲ್ಲಬೇಕಾದ ಪಾಲು, ಕಚ್ಚಿದರೆ ಕೊಡಬೇಕಾದ ಪರಿಹಾರ, ಇವೆಲ್ಲವನ್ನೂ ಅದು ವಿಧಿಸುತ್ತದೆ. ಕೊಂಗಲ್ ಎಂಬ ರಾಜನು ಜೇನು ಕಚ್ಚಿ ಒಂದು ಕಣ್ಣನ್ನು ಕಳೆದುಕೊಂಡು, ಅಂಗಹೀನನಿಗೆ ಪಟ್ಟವಿಲ್ಲವೆಂಬ ನಿಯಮದಿಂದ ಟಾರಾ ಪೀಠದಿಂದ ಇಳಿಯಬೇಕಾಯಿತೆಂದೂ ಅದರಲ್ಲಿ ಹೇಳಿದೆ. ರಾಜನನ್ನು ಪಟ್ಟದಿಂದ ಇಳಿಸಬಲ್ಲ ಹುಳುವು ದನಗಳ್ಳರನ್ನು ಓಡಿಸಿತೆಂದರೆ ಆ ನಾಡಿನ ಜನಕ್ಕೆ ಅದು ನಂಬಲರ್ಹವಾದ ಮಾತೇ.

ಈಗ ಗವಾಕ್ಷವನ್ನು ನೋಡೋಣ. ಕಿರಿದಾಗಿ ಎತ್ತರವಾದ ಒಂದೇ ತೆರಪು. ಅದರಲ್ಲಿ ಗಾಢವಾದ ನೀಲಿಯುಡುಪಿನ ಸಂತಳು ಪಾರ್ಶ್ವಮುಖವಾಗಿ ನಿಂತಿದ್ದಾಳೆ. ಮುಖವು ಬಿಳಿಚಿದೆ, ದೃಷ್ಟಿಯು ನೋಡುವವರ ಕಡೆಗಿಲ್ಲ. ಕೆಳಗೆ ಕಳ್ಳರು, ಅವರ ಮುಖಗಳು ಭಯದಿಂದ ವಿಕೃತವಾಗಿವೆ, ಅವರ ಸುತ್ತ ಮನುಷ್ಯರ ಮುಖದ ಪಕ್ಕದಲ್ಲಿ ಗಾತ್ರ ಮೀರಿ ಕಾಣುವ ಜೇನುಗಳು. ವಿನ್ಯಾಸದಲ್ಲಿ ಎರಿಯ ಷಟ್ಕೋಣವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕ್ಲಾರ್ಕನು ಒಂದು ಬಣ್ಣದ ತೆಳುಪೊರೆಯುಳ್ಳ ಗಾಜನ್ನು ಆಮ್ಲದಿಂದ ಅಲ್ಲಲ್ಲಿ ಕರಗಿಸಿ, ಬೇಕಾದಲ್ಲಿ ಗಾಜಿನ ಮೇಲೆ ಗಾಜನ್ನಿಟ್ಟು, ಬಣ್ಣಕ್ಕೆ ಆಳವನ್ನು ಕೊಡುವುದರಲ್ಲಿ ನಿಪುಣ. ಆದ್ದರಿಂದ ಆತನ ನೀಲಿಯು ಬಟ್ಟೆಯ ನೀಲಿಯಂತಿರದೆ ಒಳಗಿನಿಂದ ಉರಿಯುವ ನೀಲಮಣಿಯಂತಿದೆ.

ಇಲ್ಲಿ ಜೇನು ಮೂರು ವೃತ್ತಿಗಳಲ್ಲಿಯೂ ಕೆಲಸಮಾಡುತ್ತದೆ. ಈಕೆಯು ಗೊಬ್ನೆಟಳೆಂದು ತಿಳಿಸುವುದು ಅಭಿಧೆ. ಈಕೆಯ ಮಠದ ಕನ್ಯೆಯರ ಒಗ್ಗಟ್ಟನ್ನೂ ವ್ರತವನ್ನೂ ಸೂಚಿಸುವುದು ಲಕ್ಷಣೆ. ಮೂರನೆಯದು ಹೇಳದೆ ಹೊಳೆಯುವುದು: ಎರಿಯ ಷಟ್ಕೋಣಗಳನ್ನು ನೋಡುತ್ತಿರುವಾಗ ಸೀಸದ ಗೆರೆಗಳೂ ಎರಿಯ ಗೋಡೆಗಳಾಗಿ ಕಾಣತೊಡಗುತ್ತವೆ, ಗವಾಕ್ಷವೇ ಗೂಡಾಗಿ, ಹಾದುಬರುವ ಬೆಳಕೇ ಮಧುವಾಗುತ್ತದೆ. ಆಂಬ್ರೋಸನ ಚಿತ್ರಗಳಲ್ಲಿ ಸಂತನ ಬಳಿ ಗೂಡಿತ್ತು. ಇಲ್ಲಿ ಗೂಡಿನೊಳಗೆ ಸಂತಳಿದ್ದಾಳೆ. ಈ ವ್ಯತ್ಯಾಸವನ್ನು ಯಾವ ಶಾಸನದ ಅಕ್ಷರವೂ ತಿಳಿಸುವುದಿಲ್ಲ, ಬೆಳಕು ತಿಳಿಸುತ್ತದೆ.

೬

ಈ ಗವಾಕ್ಷದ ಮೇಲೆ ಎರಡು ಆಕ್ಷೇಪಗಳನ್ನು ತರಬಹುದು. ಗಾಜಿನ ಗವಾಕ್ಷಗಳೆಲ್ಲವೂ ಕೋಣೆಗಳ ಸಮೂಹವೇ ಆದ್ದರಿಂದ ಎರಿಯ ಸಾದೃಶ್ಯವು ಆಕಸ್ಮಿಕವೆಂಬುದು ಒಂದು. ಇದಕ್ಕೆ ಉತ್ತರವು ಸುಲಭ. ಸಾದೃಶ್ಯವು ಎಲ್ಲ ಗವಾಕ್ಷಗಳಲ್ಲಿಯೂ ಮಲಗಿರುವುದು ನಿಜ. ಅದನ್ನು ಎಬ್ಬಿಸುವುದಕ್ಕೆ ವ್ಯಂಜಕವೊಂದು ಬೇಕು. ಶ್ಲೇಷಕ್ಕೆ ಎಡೆಕೊಡುವ ಪದಗಳು ಭಾಷೆಯಲ್ಲಿ ಬೇಕಾದಷ್ಟಿದ್ದರೂ ಪ್ರಕರಣವನ್ನು ಒದಗಿಸಿದಾಗಲೇ ಎರಡನೆಯ ಅರ್ಥವು ಏಳುತ್ತದೆ. ಜೇನುಗಳ ಕಥೆಯೂ ಷಟ್ಕೋಣದ ಆವೃತ್ತಿಯೂ ಇಲ್ಲಿ ಆ ಪ್ರಕರಣವನ್ನು ಒದಗಿಸುತ್ತವೆ.

ಎರಡನೆಯ ಆಕ್ಷೇಪವು ಗಂಭೀರವಾದುದು. ಅದು ಔಚಿತ್ಯಕ್ಕೆ ಸಂಬಂಧಪಟ್ಟುದು. ಕ್ಲಾರ್ಕನ ಮುಖಗಳು ೧೮೯೮ರಲ್ಲಿ ತೀರಿಕೊಂಡ ಆಬ್ರಿ ಬೇರ್ಡ್‌ಸ್ಲಿಯೆಂಬ ಆಂಗ್ಲ ಚಿತ್ರಕಾರನ ವಿಲಾಸಮಯವಾದ ಮುಖಗಳನ್ನು ನೆನಪಿಗೆ ತರುತ್ತವೆಂದೂ, ಆ ವೈಭವವು ದೇವಾಲಯಕ್ಕಿಂತ ಪಾತಾಳಕ್ಕೆ ಒಪ್ಪುವಂಥದೆಂದೂ, ಕಾರ್ಕ್ ಪ್ರಾಂತದ ಪ್ರಸಿದ್ಧ ಲೇಖಕಿ ಈಡಿತ್ ಸಾಮರ್‌ವಿಲ್ ಈ ಗವಾಕ್ಷಗಳನ್ನು ಕಂಡು ತನ್ನ ಪತ್ರದಲ್ಲಿ ಅಭಿಪ್ರಾಯಪಟ್ಟಳು. ಪೋ ಎಂಬ ಅಮೆರಿಕದ ಲೇಖಕನ ಭೀಕರ ಕಥೆಗಳಿಗೂ ಕ್ಲಾರ್ಕನು ೧೯೧೯ರಲ್ಲಿ ಚಿತ್ರಗಳನ್ನು ಬರೆದನೆಂಬುದನ್ನು ಸೇರಿಸಿದರೆ ಆಕ್ಷೇಪಕ್ಕೆ ಇನ್ನೂ ಬಲ ಬರುತ್ತದೆ. ಪ್ರಾರ್ಥನೆಗೆಂದು ಮಂಡಿಯೂರಿದವನ ಎದುರಿಗೆ ವಿಕೃತಮುಖದ ಕಳ್ಳರೂ ಕಚ್ಚುವ ಹುಳುಗಳೂ ಇರಬಹುದೇ? ಶಾಂತಕ್ಕೆ ಎಡೆಯಾಗಬೇಕಾದ ಸ್ಥಳದಲ್ಲಿ ಭಯಾನಕವೇಕೆ?

ಆನಂದವರ್ಧನರು ಮೂರನೆಯ ಉದ್ದ್ಯೋತದಲ್ಲಿ ರಸವಿರೋಧವನ್ನು ವಿಚಾರಿಸುತ್ತ, ಒಂದೇ ಆಶ್ರಯದಲ್ಲಿ ಕೂಡಿದರೆ ಕೆಡುವ ರಸಗಳನ್ನು ಭಿನ್ನಾಶ್ರಯಗಳಲ್ಲಿಟ್ಟರೆ ದೋಷವಿಲ್ಲವೆಂದು ನಿರ್ಣಯಿಸಿದ್ದಾರೆ. ನಾಯಕನಲ್ಲಿ ವೀರವೂ ಪ್ರತಿಪಕ್ಷದವನಲ್ಲಿ ಭಯಾನಕವೂ ಇದ್ದರೆ ಒಂದು ಇನ್ನೊಂದನ್ನು ಪೋಷಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಗೊಬ್ನೆಟಳ ಗವಾಕ್ಷದಲ್ಲಿ ಈ ವ್ಯವಸ್ಥೆಯನ್ನು ಕಣ್ಣಾರೆ ಕಾಣಬಹುದು. ಭಯವೆಲ್ಲವೂ ಕೆಳಗಿನ ಕಳ್ಳರಲ್ಲಿದೆ. ಶಾಂತಿಯೆಲ್ಲವೂ ಮೇಲಿನ ಸಂತಳಲ್ಲಿದೆ; ಆಕೆ ಅವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎರಡಕ್ಕೂ ನಡುವೆ ಸಂಚರಿಸುವುದು ಜೇನು. ಅದು ಸಂ‍ತಳ ಗೂಡಿನಿಂದ ಹೊರಟು ಕಳ್ಳರ ಮುಖವನ್ನು ಮುಟ್ಟುತ್ತದೆ; ಆಕೆಯ ಬಳಿ ಆಭರಣದಂತಿರುವುದೇ ಅವರ ಬಳಿ ಆಯುಧವಾಗುತ್ತದೆ. ಕೋಪವನ್ನು ಸಂತಳ ಮುಖದಲ್ಲಿ ಬರೆದಿದ್ದರೆ ಚಿತ್ರವು ಕೆಡುತ್ತಿತ್ತು. ಕೋಪವನ್ನು ಹುಳುವಿಗೆ ಕೊಟ್ಟು ಮುಖವನ್ನು ನಿರ್ವಿಕಾರವಾಗಿ ಉಳಿಸಿದುದರಲ್ಲಿ ಕ್ಲಾರ್ಕನ ಔಚಿತ್ಯಜ್ಞಾನವಿದೆ. ಹಾಗೆಂದು ಸಾಮರ್‌ವಿಲ್ಲಳ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಬೇಕಾಗಿಲ್ಲ. ಕ್ಲಾರ್ಕನಿಗೆ ಸೌಂದರ್ಯದ ಆಸೆಯು ಭಕ್ತಿಗಿಂತ ಮುಂದೆ ಓಡುವ ಕ್ಷಣಗಳುಂಟು. ಈ ಗವಾಕ್ಷದಲ್ಲಿ ಮಾತ್ರ ಜೇನು ಅದನ್ನು ಹಿಡಿದು ನಿಲ್ಲಿಸಿದೆ.

ಕನ್ನಡ ವಾಚಕರಿಗೆ ಈ ವ್ಯವಸ್ಥೆಯು ಅಪರಿಚಿತವಲ್ಲ. ಅರುಣಾಸುರನನ್ನು ಕೊಲ್ಲುವುದಕ್ಕೆ ದೇವಿಯು ಅಸಂಖ್ಯ ಭ್ರಮರಗಳ ರೂಪವನ್ನು ತಾಳುವಳೆಂದು ದೇವೀಮಾಹಾತ್ಮ್ಯದಲ್ಲಿದೆ. ದಕ್ಷಿಣ ಕನ್ನಡದ ನಂದಿನೀ ನದಿಯ ಕಟೀಲು ಕ್ಷೇತ್ರದ ಸ್ಥಳಪುರಾಣವೂ ಅದೇ ಕಥೆಯನ್ನು ಹೇಳುತ್ತದೆ. ಎರಡೂ ಕಡೆ ಹೆಣ್ಣೊಬ್ಬಳ ರಕ್ಷಣಶಕ್ತಿಯು ಕಚ್ಚುವ ಹುಳುಗಳ ಹಿಂಡಾಗಿ ಹೊರಡುತ್ತದೆ. ಇಷ್ಟರಿಂದಲೇ ಒಂದರಿಂದ ಮತ್ತೊಂದು ಹುಟ್ಟಿತೆಂದು ಊಹಿಸುವುದು ಅವಿಚಾರ. ಭೇದವೂ ಸ್ಪಷ್ಟವಾಗಿದೆ: ಭ್ರಾಮರಿಯು ತಾನೇ ದುಂಬಿಯಾಗುತ್ತಾಳೆ, ಗೊಬ್ನೆಟಳು ಜೇನನ್ನು ಕಳುಹಿಸಿ ತಾನು ಮನುಷ್ಯಳಾಗಿಯೇ ನಿಲ್ಲುತ್ತಾಳೆ. ಕಳ್ಳರು ಕಟೀಲಿನ ಅಸುರನಂತೆ ಹತರಾಗುವುದೂ ಇಲ್ಲ; ದನಗಳನ್ನು ಬಿಟ್ಟು ಓಡುತ್ತಾರೆ, ಅಷ್ಟೆ.

೭

ಬೆಳಕನ್ನು ಮಧುವಾಗಿ ಕಾಣುವುದಕ್ಕೆ ಛಾಂದೋಗ್ಯದ ಮಧುವಿದ್ಯೆಗಿಂತ ಪ್ರಾಚೀನವಾದ ಶಿಕ್ಷಣವನ್ನು ನಾವು ಕಾಣೆವು. ಆದಿತ್ಯನು ದೇವತೆಗಳ ಮಧು. ದ್ಯುಲೋಕವು ಅಡ್ಡಲಾಗಿ ಇಟ್ಟ ಬಿದಿರು. ಅಂತರಿಕ್ಷವು ಅದಕ್ಕೆ ತೂಗುವ ಎರಿ. ಕಿರಣಗಳು ಅದರ ಮರಿಗಳು. ದಿಕ್ಕುದಿಕ್ಕಿನ ಕಿರಣಗಳು ಆ ದಿಕ್ಕಿನ ಮಧುವಿನ ಕೋಣೆಗಳು, ಮಂತ್ರಗಳೇ ಜೇನುಗಳು, ವೇದಗಳೇ ಹೂಗಳು. ಆ ಮಧುವಿಗೆ ಉಪನಿಷತ್ತು ಬಣ್ಣಗಳನ್ನೂ ಹೇಳಿದೆ: ಮೂಡಣದ್ದು ಕೆಂಪು, ತೆಂಕಣದ್ದು ಬಿಳುಪು, ಪಡುವಣದ್ದು ಕಪ್ಪು, ಬಡಗಣದ್ದು ಕಡುಗಪ್ಪು, ಮೇಲಣದ್ದು ಸೂರ್ಯನ ನಡುವೆ ಕದಡುವಂತೆ ತೋರುವ ಅಲುಗಾಟ. ಕ್ಲಾರ್ಕನಿಗೂ ಈ ವಿದ್ಯೆಗೂ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಸೂರ್ಯನ ಬೆಳಕು ಬಣ್ಣಬಣ್ಣದ ಕೋಣೆಗಳಲ್ಲಿ ನಿಂತು ಮಧುವಾಗುವುದೆಂಬ ದರ್ಶನವು ಒಂದು ಕಡೆ ಋಷಿಗೆ ಮಂತ್ರವಾಗಿ, ಮತ್ತೊಂದು ಕಡೆ ಗಾಜುಗಾರನಿಗೆ ಕಸಬಾಗಿ ಒದಗಿತೆಂಬುದಷ್ಟೇ ಇಲ್ಲಿಯ ಮಾತು. ಮಧುವಿದ್ಯೆಯನ್ನು ಓದಿದವನಿಗೆ ಆ ಗವಾಕ್ಷವು ಬೇಗ ತಿಳಿಯುತ್ತದೆ. ಆ ಗವಾಕ್ಷವನ್ನು ಮನಸ್ಸಿಟ್ಟು ನೋಡಿದವನಿಗೆ ಅಂತರಿಕ್ಷವು ಎರಿಯೆಂಬ ಮಾತು ಬರಿಯ ರೂಪಕವಾಗಿ ಉಳಿಯುವುದಿಲ್ಲ.

ಒಟ್ಟಿನ ನಿಷ್ಕರ್ಷೆಯಿದು. ಗಾಜಿನಲ್ಲಿ ಜೇನನ್ನು ಬರೆದ ಮಾತ್ರಕ್ಕೆ ಜೇನಿನ ನಿರೂಪಣೆಯಾಗಲಿಲ್ಲ. ಒಡೆಯನ ಮುದ್ರೆಯಾದಾಗ ಅದು ಅಹಂಕಾರದ ಅಕ್ಷರ. ಸಂತನ ಗುರುತಾದಾಗ ಅದು ನೆನಪಿನ ಗಂಟು. ಈ ಎರಡಕ್ಕೂ ಅವುಗಳ ಪ್ರಯೋಜನವುಂಟು, ಕಾವ್ಯತ್ವವಿಲ್ಲ. ಹುಳುವಿನ ದುಡಿಮೆಯ ಕ್ರಮವು ಕಲಾವಿದನ ದುಡಿಮೆಯ ಕ್ರಮದಲ್ಲಿ ಪ್ರತಿಬಿಂಬಿಸಿದಾಗ ಮಾತ್ರ ಜೇನು ಧ್ವನಿಯಾಗುತ್ತದೆ. ಜೇನುಗಳ ನಾಶವನ್ನು ಕುರಿತು ಲೋಕವು ಚಿಂತಿಸುತ್ತಿರುವ ಈ ದಿನಗಳಲ್ಲಿ ಹೊಸ ಗವಾಕ್ಷಗಳಲ್ಲಿಯೂ ಜೇನನ್ನು ಬರೆಯುವ ಉತ್ಸಾಹವು ಹುಟ್ಟುವುದು ಸಹಜ. ಆ ಕಲಾವಿದರು ಹುಲ್ಲಿನ ಗೂಡೊಂದನ್ನು ಮೂಲೆಯಲ್ಲಿಟ್ಟು ತೃಪ್ತರಾಗದೆ ಕಾರ್ಕಿನ ಆ ಕಿರಿದಾದ ತೆರಪನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ವಿಮರ್ಶಕರಾದವರೂ ಇನ್ನು ಮುಂದೆ ಗಾಜಿನಲ್ಲಿ ಜೇನನ್ನು ಕಂಡಾಗ, ಅದು ಯಾರ ಲಾಂಛನವೆಂದು ಕೇಳುವುದರ ಜೊತೆಗೆ, ಅದು ಅಲ್ಲಿ ಏನು ಕೆಲಸ ಮಾಡುತ್ತಿದೆಯೆಂದೂ ಕೇಳತಕ್ಕದ್ದು. ಕೆಲಸವಿಲ್ಲದೆ ಕುಳಿತ ಜೇನನ್ನು ಗೂಡೂ ಇಟ್ಟುಕೊಳ್ಳುವುದಿಲ್ಲ.